ಹವಿರ್ಭಾಗದ ವಿವಾದ: ಹರಿಹರಪುರದ ದಕ್ಷಯಜ್ಞ ಐತಿಹ್ಯವೂ ಸೃಷ್ಟಿಕಥೆಗಳ ಸ್ಪರ್ಧೆಯೂ

೧

ಶೃಂಗೇರಿಯನ್ನು ದಾಟಿ ಉತ್ತರಕ್ಕೆ ಹರಿಯುವ ತುಂಗಾನದಿಯ ದಡದಲ್ಲಿ, ಕೊಪ್ಪ ತಾಲ್ಲೂಕಿಗೆ ಸೇರಿದ ಹರಿಹರಪುರವಿದೆ. ಇಲ್ಲಿಯ ಮಠವು ಶಂಕರಾಚಾರ್ಯರ ಪರಂಪರೆಗೆ ಸೇರಿದುದು. ಶಾರದೆಯೂ ಲಕ್ಷ್ಮೀನರಸಿಂಹನೂ ಅದರ ಆರಾಧ್ಯದೇವತೆಗಳು. ಇದೇ ಊರಿನಲ್ಲಿ ದಕ್ಷಹರ ಸೋಮೇಶ್ವರನೆಂಬ ಹೆಸರಿನ ಶಿವನೂ ಪೂಜೆಗೊಳ್ಳುತ್ತಿದ್ದಾನೆ. ದಕ್ಷಪ್ರಜಾಪತಿಯು ಯಜ್ಞವನ್ನು ಕೈಕೊಂಡುದೂ, ಅದನ್ನು ರುದ್ರಗಣಗಳು ಕೆಡಿಸಿದುದೂ ಈ ನೆಲದಲ್ಲಿಯೇ ಎಂಬುದು ಸ್ಥಳದ ಐತಿಹ್ಯ. ಊರಿನ ಹೆಸರನ್ನು ವಿಜಯನಗರದ ಅರಸನಾದ ಹರಿಹರನಿಗೆ ಸಂಬಂಧಿಸಿ ಹೇಳುವವರುಂಟು. ಹರಿ ಹರ ಇಬ್ಬರೂ ನೆಲೆಸಿದ ಪುರವೆಂದು ಬಿಡಿಸಿ ಹೇಳುವವರೂ ಉಂಟು.

ಈ ಊರನ್ನು ನಡುವಿನಲ್ಲಿಟ್ಟುಕೊಂಡು ಸುತ್ತಲಿನ ನಾಡನ್ನು ನೋಡಿದರೆ ಗಮನಾರ್ಹವಾದ ಒಂದು ಸಂಗತಿ ತೋರಿಬರುತ್ತದೆ. ಮೇಲುಗಡೆ ಶೃಂಗೇರಿಯಲ್ಲಿ ಅದ್ವೈತದ ಪೀಠವಿದೆ. ಆ ಪೇಟೆಯ ನಡುವೆಯೇ ಪಾರ್ಶ್ವನಾಥ ಬಸದಿಯಿದೆ. ಪೂರ್ವದಲ್ಲಿ ಭದ್ರಾನದಿಯ ದಡದ ಬಾಳೆಹೊನ್ನೂರಿನಲ್ಲಿ ವೀರಶೈವರ ಪಂಚಪೀಠಗಳಲ್ಲೊಂದಾದ ರಂಭಾಪುರಿ ಪೀಠವಿದೆ. ನರಸಿಂಹರಾಜಪುರದ ಸಮೀಪದ ಸಿಂಹನಗದ್ದೆಯಲ್ಲಿ ಜೈನಮಠವೂ ಜ್ವಾಲಾಮಾಲಿನಿಯ ಸನ್ನಿಧಿಯೂ ಇವೆ. ಮೂರು ತಾಲ್ಲೂಕುಗಳ ಈ ಚಿಕ್ಕ ಆವರಣದೊಳಗೆ, ಜಗತ್ತು ಹೇಗೆ ಹುಟ್ಟಿತು, ಅದನ್ನು ಹುಟ್ಟಿಸಿದವನಾರು, ದೇವತೆಗಳಲ್ಲಿ ಹಿರಿಯನಾರು ಎಂಬ ಪ್ರಶ್ನೆಗಳಿಗೆ ಒಂದಕ್ಕೊಂದು ಒಪ್ಪದ ನಾಲ್ಕೈದು ಉತ್ತರಗಳು ಶತಮಾನಗಳಿಂದ ನೆಲೆನಿಂತಿವೆ.

ಇಷ್ಟು ವಿರುದ್ಧವಾದ ಸೃಷ್ಟಿಕಥೆಗಳು ಒಂದೇ ನಾಡಿನಲ್ಲಿ ಹೇಗೆ ಬಾಳಿದವು? "ನಮ್ಮವರದು ಸಮನ್ವಯದ ಬುದ್ಧಿ" ಎಂಬುದು ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ. ಅದು ಪೂರ್ತಿ ತಪ್ಪಲ್ಲ. ಆದರೆ ಸಮನ್ವಯಕ್ಕೆ ಮೊದಲು ನಡೆದ ಜಗಳವನ್ನು ಅದು ಮರೆಯಿಸಿಬಿಡುತ್ತದೆ. ಹರಿಹರಪುರದ ಐತಿಹ್ಯವಾದರೋ ಆ ಜಗಳವನ್ನೇ ನೆನೆಯುತ್ತದೆ. ಸೃಷ್ಟಿಕರ್ತನಾರೆಂಬ ವಿವಾದವು ಬಹುಮಟ್ಟಿಗೆ ಪಾಲಿನ ವಿವಾದವೆಂಬುದನ್ನೂ, ಎದುರಾಳಿಯ ದೇವರನ್ನು ಅಳಿಸುವುದಕ್ಕಿಂತ ಅವನಿಗೊಂದು ಸ್ಥಾನವನ್ನು ಗೊತ್ತುಮಾಡುವುದೇ ಈ ಕಥೆಗಳ ಮುಖ್ಯ ಕೆಲಸವೆಂಬುದನ್ನೂ ನಾವು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

೨

ದಕ್ಷನು ಬಹು ಹಳೆಯ ದೇವತೆ. ಋಗ್ವೇದದ ಹತ್ತನೆಯ ಮಂಡಲದ ೭೨ನೆಯ ಸೂಕ್ತದಲ್ಲಿ ದೇವತೆಗಳ ಹುಟ್ಟನ್ನು ಹೇಳುವಾಗ, ಅದಿತಿಯಿಂದ ದಕ್ಷನೂ ದಕ್ಷನಿಂದ ಅದಿತಿಯೂ ಜನಿಸಿದರೆಂಬ ವಿಚಿತ್ರವಾದ ಮಾತಿದೆ. ಅದೇ ಮಂಡಲದಲ್ಲಿ ಪುರುಷಸೂಕ್ತವೂ (೯೦), ಹಿರಣ್ಯಗರ್ಭಸೂಕ್ತವೂ (೧೨೧), ಸೃಷ್ಟಿಯ ಮೂಲವನ್ನು ಮೇಲಿನ ಆಕಾಶದಲ್ಲಿರುವವನಾದರೂ ಬಲ್ಲನೋ ಇಲ್ಲವೋ ಎಂದು ಸಂದೇಹದಲ್ಲಿ ನಿಲ್ಲುವ ನಾಸದೀಯಸೂಕ್ತವೂ (೧೨೯) ಸೇರಿವೆ. ಒಂದೇ ಸಂಹಿತೆಯ ಒಂದೇ ಮಂಡಲದಲ್ಲಿ ನಾಲ್ಕು ಸೃಷ್ಟಿವಿಚಾರಗಳು ಅಕ್ಕಪಕ್ಕದಲ್ಲಿವೆ. ಅವುಗಳನ್ನು ಒಂದಾಗಿ ಹೊಂದಿಸುವ ಯತ್ನ ಅಲ್ಲಿ ಕಾಣುವುದಿಲ್ಲ.

ಯಜ್ಞಭಂಗದ ಕಥೆಯ ಬೀಜ ದೊರೆಯುವುದು ಇದರ ಮುಂದಿನ ಪದರದಲ್ಲಿ. ದೇವತೆಗಳು ರುದ್ರನನ್ನು ಯಜ್ಞದಿಂದ ಹೊರಗಿಟ್ಟರೆಂದೂ, ಅವನು ಯಜ್ಞವನ್ನೇ ಬಾಣದಿಂದ ಭೇದಿಸಿದನೆಂದೂ ತೈತ್ತಿರೀಯ ಸಂಹಿತೆ ಹೇಳುತ್ತದೆ. ಶತಪಥಬ್ರಾಹ್ಮಣದಲ್ಲಿ ರುದ್ರನ ಬಾಣ ತಗುಲಿದ ಹವಿಸ್ಸಿನ ತುಣುಕನ್ನು ಏನು ಮಾಡಬೇಕೆಂಬುದೇ ದೇವತೆಗಳಿಗೆ ಸಮಸ್ಯೆಯಾಗುತ್ತದೆ: ಅದನ್ನು ನೋಡಿದ ಭಗನ ಕಣ್ಣು ಹೋಯಿತು, ಸವಿದ ಪೂಷನ ಹಲ್ಲು ಉದುರಿದುವು. ಇಲ್ಲಿ ಸತಿಯಿಲ್ಲ, ಮಾವನೂ ಅಳಿಯನೂ ಇಲ್ಲ, ವೀರಭದ್ರನೂ ಇಲ್ಲ. ಇರುವುದು ಯಜ್ಞ, ಅದರಲ್ಲೊಂದು ಪಾಲು, ಆ ಪಾಲಿನಿಂದ ಹೊರಗಾದ ಒಬ್ಬ ದೇವತೆ ಇಷ್ಟೆ.

ಮಹಾಭಾರತದ ಸೌಪ್ತಿಕಪರ್ವದಲ್ಲಿಯೂ ಕಥೆಯ ತಿರುಳು ಇದೇ. ದೇವತೆಗಳು ಯಜ್ಞಭಾಗಗಳನ್ನು ಹಂಚಿಕೊಳ್ಳುವಾಗ ರುದ್ರನನ್ನು ಸರಿಯಾಗಿ ಅರಿಯದೆ ಅವನಿಗೆ ಭಾಗವನ್ನು ಕಲ್ಪಿಸಲಿಲ್ಲ. ಅವನು ಯಜ್ಞವನ್ನು ಹೊಡೆದನು. ಕಡೆಗೆ ಪಾಲು ಕೊಟ್ಟ ಮೇಲೆ ಪ್ರಸನ್ನನಾದನು. ಶಾಂತಿಪರ್ವಕ್ಕೆ ಬರುವಷ್ಟರಲ್ಲಿ ದಕ್ಷನೂ ವೀರಭದ್ರನೂ ಕಥೆಯೊಳಗೆ ಬಂದಿದ್ದಾರೆ. ತಂದೆಯ ಅವಮಾನವನ್ನು ತಾಳದೆ ಸತಿಯು ದೇಹವನ್ನು ತೊರೆದ ವೃತ್ತಾಂತವನ್ನು ಕಾಳಿದಾಸನು ಕುಮಾರಸಂಭವದ ಆರಂಭದಲ್ಲಿ ಎಲ್ಲರಿಗೂ ತಿಳಿದ ಸಂಗತಿಯೆಂಬಂತೆ ಸೂಚಿಸುತ್ತಾನೆ. ಪುರಾಣಗಳಲ್ಲಿ ಸತಿಯ ದುಃಖವೇ ಕಥೆಯ ಹೃದಯವಾಗುತ್ತದೆ. ಹೀಗೆ, ಇಂದು ನಾವು ಕೌಟುಂಬಿಕ ದುರಂತವೆಂದು ಓದುವ ಕಥೆ ಮೊದಲು ಒಂದು ಪಂಕ್ತಿಭೇದದ ಕಥೆಯಾಗಿದ್ದಿತು.

ಹೊರನಾಡುಗಳಲ್ಲಿಯೂ ಇದಕ್ಕೆ ಸಮಾನವಾದುವು ದೊರೆಯುತ್ತವೆ. ಗ್ರೀಕ್ ಕವಿ ಹೆಸಿಯೊಡನ ದೇವೋತ್ಪತ್ತಿ ಕಾವ್ಯದಲ್ಲಿ ದೇವತೆಗಳಿಗೂ ಮನುಷ್ಯರಿಗೂ ಮನಸ್ತಾಪ ಹುಟ್ಟುವುದು ಮೆಕೋನೆಯೆಂಬಲ್ಲಿ ಬಲಿಯ ಮಾಂಸವನ್ನು ಪಾಲುಮಾಡುವಾಗ. ಬ್ಯಾಬಿಲೋನಿನ ಸೃಷ್ಟಿಕಾವ್ಯದ ಕೊನೆಯಲ್ಲಿ ಆ ನಗರದ ದೇವನಾದ ಮಾರ್ದುಕನಿಗೆ ಐವತ್ತು ಹೆಸರುಗಳನ್ನು ಕೊಡುತ್ತಾರೆ. ಹಳೆಯ ದೇವತೆಗಳನ್ನು ಕೊಲ್ಲದೆಯೇ ಅವರ ಅಧಿಕಾರವನ್ನು ಒಬ್ಬನಿಗೆ ವಹಿಸುವ ಉಪಾಯವಿದು. ಈ ಉಪಾಯವನ್ನು ನಮ್ಮ ನಾಡಿನಲ್ಲಿಯೂ ಮುಂದೆ ಕಾಣುತ್ತೇವೆ.

೩

ದಕ್ಷನ ಯಜ್ಞಭೂಮಿ ತಮ್ಮದೆಂದು ಹೇಳುವ ಊರು ಹರಿಹರಪುರವೊಂದೇ ಅಲ್ಲ. ಹರಿದ್ವಾರದ ಬಳಿಯ ಕನಖಲ, ಆಂಧ್ರದ ದ್ರಾಕ್ಷಾರಾಮ, ಕೇರಳದ ಕೊಟ್ಟಿಯೂರು ಇವುಗಳೂ ಅದೇ ಹಕ್ಕನ್ನು ಮಂಡಿಸುತ್ತವೆ. ಇವುಗಳಲ್ಲಿ ನಿಜವಾದುದು ಯಾವುದೆಂದು ಇತಿಹಾಸದ ವಿದ್ಯಾರ್ಥಿ ಕೇಳಬೇಕಾಗಿಲ್ಲ. ಸ್ಥಳಪುರಾಣವು ಭೂಗೋಳದ ದಾಖಲೆಯಲ್ಲ. ಅದನ್ನು ಹೇಳಿದ ಜನ ತಮ್ಮ ಊರನ್ನು ಯಾವ ಮಹಾಕಥೆಗೆ ಜೋಡಿಸಬಯಸಿದರು, ಆ ಕಥೆಯ ಯಾವ ಭಾಗವನ್ನು ಎತ್ತಿಹಿಡಿದರು ಎಂಬುದಕ್ಕೆ ಅದು ಸಾಕ್ಷಿ. ಈ ದೃಷ್ಟಿಯಿಂದ "ದಕ್ಷಹರ" ಎಂಬ ಹೆಸರೇ ಅರ್ಥವತ್ತಾದುದು. ಯಜ್ಞವನ್ನು ನಡೆಯಿಸಿದವನ ಹೆಸರೂ ಅವನ ಗರ್ವವನ್ನು ಹರಿಸಿದವನ ಹೆಸರೂ ಅದರಲ್ಲಿ ಒಟ್ಟಿಗೆ ಉಳಿದಿವೆ. ಸೋತವನನ್ನು ಮರೆಯಬಾರದೆಂಬುದು ಆ ಹೆಸರಿನ ಇಂಗಿತ.

ಸೋತವನಿಗೆ ಏನಾಯಿತೆಂಬುದರಲ್ಲಿ ಪುರಾಣಗಳು ಒಂದನ್ನೊಂದು ಒಪ್ಪುವುದಿಲ್ಲ. ಈ ಭಿನ್ನತೆಯನ್ನು ನಾವು ಸೂಕ್ಷ್ಮವಾಗಿ ಗಮನಿಸಬೇಕು. ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ದಕ್ಷನಿಗೆ ಆಡಿನ ತಲೆ ಬರುತ್ತದೆ, ಯಜ್ಞ ಮುಂದುವರಿಯುತ್ತದೆ, ರುದ್ರನಿಗೆ ಪಾಲು ದೊರೆಯುತ್ತದೆ. ಆದರೆ ಆ ಪಾಲು ಯಜ್ಞದಲ್ಲಿ ಮಿಕ್ಕುದು, ಎಂದರೆ ಶೇಷಭಾಗ. ಅನಂತರ ವಿಷ್ಣುವು ಸ್ವತಃ ಪ್ರತ್ಯಕ್ಷನಾಗಿ, ಬ್ರಹ್ಮ ವಿಷ್ಣು ರುದ್ರರಲ್ಲಿ ಭೇದವನ್ನು ಕಾಣದವನಿಗೇ ಶಾಂತಿಯೆಂದು ಉಪದೇಶಿಸುತ್ತಾನೆ. ಅಭೇದವನ್ನು ಸಾರುವ ಅಧಿಕಾರ ವಿಷ್ಣುವಿನದು. ರುದ್ರನಿಗೆ ದೊರೆತುದು ಶೇಷ. ಲಿಂಗಪುರಾಣದಂತಹ ಶೈವಪುರಾಣಗಳಲ್ಲಿ ಇದು ತಿರುಗುಮುರುಗಾಗುತ್ತದೆ: ವಿಷ್ಣುವೂ ಯಜ್ಞಶಾಲೆಯಲ್ಲಿದ್ದು ವೀರಭದ್ರನ ಎದುರು ಸೋಲುತ್ತಾನೆ. ಎರಡು ಕಡೆಯೂ ಸಂಧಿಯುಂಟು; ಸಂಧಿಯ ಷರತ್ತುಗಳನ್ನು ಬರೆದ ಕೈ ಮಾತ್ರ ಬೇರೆ.

ಕನ್ನಡದಲ್ಲಿ ಈ ಕಥೆಗೆ ಶೈವರೂಪವೇ ಪ್ರಬಲವಾಯಿತು. ರಾಘವಾಂಕನು ಉದ್ದಂಡ ಷಟ್ಪದಿಯಲ್ಲಿ ಬರೆದ ವೀರೇಶಚರಿತೆ ಇದಕ್ಕೆ ಮುಖ್ಯ ನಿದರ್ಶನ. ಮಲೆನಾಡಿನ ಸೆರಗಿನಲ್ಲಿ ಇಂದಿಗೂ ಜೀವಂತವಾಗಿರುವ ವೀರಗಾಸೆಯ ಕುಣಿತದಲ್ಲಿ ವೀರಭದ್ರನ ಹುಟ್ಟನ್ನೂ ದಕ್ಷನ ಶಿರಚ್ಛೇದವನ್ನೂ ಒಡಪುಗಳಲ್ಲಿ ಹೇಳುತ್ತಾರೆ. ಯಕ್ಷಗಾನದ ರಂಗದಲ್ಲಿ ದಕ್ಷನ ಪಾತ್ರವೂ ವೀರಭದ್ರನ ಪಾತ್ರವೂ ಸಮಬಲದ ವಾದಕ್ಕೆ ಅವಕಾಶ ಕೊಡುತ್ತವೆ. ಅರ್ಥಧಾರಿಯು ದಕ್ಷನ ಪಕ್ಷವನ್ನು ಸಮರ್ಥವಾಗಿ ಮಂಡಿಸದಿದ್ದರೆ ಪ್ರಸಂಗವೇ ಸಪ್ಪೆಯಾಗುತ್ತದೆ. ಎದುರುಪಕ್ಷದ ಮಾತನ್ನು ಪೂರ್ತಿಯಾಗಿ ಕೇಳುವ ಅಭ್ಯಾಸವನ್ನು ಶಾಸ್ತ್ರಗ್ರಂಥಗಳ ಪೂರ್ವಪಕ್ಷಗಳಂತೆ ಈ ರಂಗಕಲೆಯೂ ಉಳಿಸಿಕೊಂಡು ಬಂದಿದೆ.

೪

ಇನ್ನು ಹರಿಹರಪುರದ ನೆರೆಹೊರೆಯ ಪರಂಪರೆಗಳು ಸೃಷ್ಟಿಯನ್ನು ಹೇಗೆ ಹೇಳುತ್ತವೆಂಬುದನ್ನು ನೋಡೋಣ.

ವೈಷ್ಣವಪುರಾಣಗಳಲ್ಲಿ ವಿಷ್ಣುವಿನ ನಾಭಿಕಮಲದಿಂದ ಬ್ರಹ್ಮನೂ ಬ್ರಹ್ಮನ ಹುಬ್ಬುಗಳ ನಡುವಿನಿಂದ ರುದ್ರನೂ ಹುಟ್ಟುತ್ತಾರೆ. ಶೈವಪುರಾಣಗಳಲ್ಲಿ ಬ್ರಹ್ಮವಿಷ್ಣುಗಳು ತಾನು ಹಿರಿಯ ತಾನು ಹಿರಿಯನೆಂದು ಜಗಳವಾಡುತ್ತಿರುವಾಗ ತುದಿಮೊದಲಿಲ್ಲದ ಅಗ್ನಿಸ್ತಂಭವಾಗಿ ಶಿವನು ತೋರುತ್ತಾನೆ. ಒಂದು ಪಕ್ಷವು ನರಸಿಂಹನ ಉಗ್ರತೆಯನ್ನು ಅಡಗಿಸಲು ಶರಭನನ್ನು ತಂದರೆ, ಇನ್ನೊಂದು ಶರಭನನ್ನು ಗೆಲ್ಲಲು ಗಂಡಭೇರುಂಡನನ್ನು ತರುತ್ತದೆ. ಇವುಗಳಲ್ಲಿ ಯಾವ ಪಕ್ಷವೂ ಇನ್ನೊಂದರ ದೇವರು ಇಲ್ಲವೆಂದು ಹೇಳುವುದಿಲ್ಲ. ಅವನು ಎರಡನೆಯವನೆಂದು ಹೇಳುತ್ತದೆ.

ಬಾಳೆಹೊನ್ನೂರಿನ ಪೀಠಪರಂಪರೆಗೆ ಆಧಾರವಾದ ಸಿದ್ಧಾಂತಶಿಖಾಮಣಿಯಲ್ಲಿ ಈ ವಿಧಾನ ಇನ್ನೂ ನಯವಾದ ರೂಪವನ್ನು ಪಡೆದಿದೆ. ಪರಶಿವನು ಬ್ರಹ್ಮನನ್ನು ಸೃಜಿಸಿ ವಿದ್ಯೆಗಳನ್ನು ಕೊಡುತ್ತಾನೆ. ಆದರೂ ಬ್ರಹ್ಮನಿಗೆ ಸೃಷ್ಟಿಸುವ ಉಪಾಯ ತೋಚುವುದಿಲ್ಲ. ಅವನು ಬೇಡಿಕೊಂಡಾಗ ಶಿವನು ತನಗೆ ಸಮಾನರಾದ ಪ್ರಮಥರನ್ನು ಹುಟ್ಟಿಸಿ ತೋರಿಸುತ್ತಾನೆ; ಆ ಮಾದರಿಯನ್ನು ಕಂಡ ಮೇಲೆ ಬ್ರಹ್ಮನು ಲೋಕವನ್ನು ನಿರ್ಮಿಸುತ್ತಾನೆ. ಆ ಪ್ರಮಥರಲ್ಲಿ ಮುಖ್ಯನಾದ ರೇಣುಕನೇ ಅನಂತರ ಕೊಲ್ಲಿಪಾಕಿಯ ಸೋಮೇಶ್ವರಲಿಂಗದಿಂದ ಮೂಡಿಬಂದು ಅಗಸ್ತ್ಯನಿಗೆ ಉಪದೇಶಿಸಿದನೆಂಬುದು ಗ್ರಂಥದ ಕಥೆ. ಬ್ರಹ್ಮನ ಸೃಷ್ಟಿಕಾರ್ಯವನ್ನು ಇಲ್ಲಿ ಕಸಿದುಕೊಂಡಿಲ್ಲ. ಅವನನ್ನು ವಿದ್ಯಾರ್ಥಿಯ ಸ್ಥಾನದಲ್ಲಿ ಕೂರಿಸಿದೆ. ಪೀಠದ ಮೂಲಪುರುಷನಾದರೋ ಲೋಕಸೃಷ್ಟಿಗಿಂತ ಮೊದಲಿನವನಾದನು. ವಚನಕಾರರಲ್ಲಿ ಅಲ್ಲಮಪ್ರಭು ಇದಕ್ಕಿಂತ ಹಿಂದಕ್ಕೆ ಹೋಗಿ, ದೇವತೆಗಳ ಪಟ್ಟಿಯೇ ಇಲ್ಲದ ಶೂನ್ಯದ ನೆಲೆಯಿಂದ ಮಾತನಾಡುತ್ತಾನೆ.

ಜೈನರ ನಿಲುವು ಬುಡದಲ್ಲಿಯೇ ಬೇರೆ. ಲೋಕವು ಅನಾದಿ, ಅದನ್ನು ಯಾರೂ ಮಾಡಲಿಲ್ಲ. ರಾಷ್ಟ್ರಕೂಟರ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜಿನಸೇನಾಚಾರ್ಯನು ತನ್ನ ಆದಿಪುರಾಣದಲ್ಲಿ ಸೃಷ್ಟಿಕರ್ತೃವಾದವನ್ನು ತರ್ಕದಿಂದ ಖಂಡಿಸಿದ್ದಾನೆ: ಲೋಕವಿಲ್ಲದಾಗ ಕರ್ತೃ ಎಲ್ಲಿ ನಿಂತಿದ್ದನು? ಸಾಮಗ್ರಿಯಿಲ್ಲದೆ ಹೇಗೆ ಮಾಡಿದನು? ಪೂರ್ಣನಾದವನಿಗೆ ಮಾಡಬೇಕೆಂಬ ಇಚ್ಛೆ ಏಕೆ ಹುಟ್ಟಿತು? ಇಷ್ಟು ನಿಷ್ಠುರವಾಗಿ ಕರ್ತೃವನ್ನು ತಳ್ಳಿಹಾಕಿದ ಜಿನಸೇನನೇ ಪ್ರಥಮ ತೀರ್ಥಂಕರನಾದ ವೃಷಭನನ್ನು ಸ್ತುತಿಸುವಾಗ ಪ್ರಜಾಪತಿ, ಸ್ರಷ್ಟ, ವಿಧಾತ ಎಂಬ ಹೆಸರುಗಳಿಂದ ಕರೆಯುತ್ತಾನೆ. ಕಲ್ಪವೃಕ್ಷಗಳು ಮರೆಯಾದಾಗ ಕಂಗೆಟ್ಟ ಜನಕ್ಕೆ ಕೃಷಿಯನ್ನೂ ಲಿಪಿಯನ್ನೂ ಕಲೆಗಳನ್ನೂ ಕಲಿಸಿದುದರಿಂದ ಅವನೇ ನಿಜವಾದ ಸೃಷ್ಟಿಕರ್ತನೆಂಬುದು ಇದರ ಭಾವ. ಈ ವಸ್ತುವನ್ನೇ ಪಂಪನು ಕ್ರಿ. ಶ. ೯೪೧ರಲ್ಲಿ ಕನ್ನಡಕ್ಕೆ ತಂದನು. ಬ್ರಹ್ಮನ ಕೆಲಸವನ್ನು ಅಲ್ಲಗಳೆದು ಅವನ ಹೆಸರನ್ನು ಮಾತ್ರ ತಮ್ಮವನಿಗೆ ತೆಗೆದುಕೊಂಡುದು, ಮಾರ್ದುಕನ ಐವತ್ತು ಹೆಸರುಗಳನ್ನು ನೆನಪಿಗೆ ತರುತ್ತದೆ.

ಇವೆಲ್ಲಕ್ಕೂ ಅದ್ವೈತದ ಉತ್ತರವೇನು? ಗೌಡಪಾದನು ಮಾಂಡೂಕ್ಯಕಾರಿಕೆಯಲ್ಲಿ ಪರಮಾರ್ಥವಾಗಿ ಯಾವುದೂ ಹುಟ್ಟಿಲ್ಲವೆಂದು ಸಾಧಿಸುತ್ತಾನೆ. ಮಣ್ಣು, ಲೋಹ, ಕಿಡಿ ಮೊದಲಾದ ದೃಷ್ಟಾಂತಗಳಿಂದ ಶ್ರುತಿಯು ಸೃಷ್ಟಿಯನ್ನು ಹೇಳುವುದು ಏಕತ್ವವನ್ನು ಬುದ್ಧಿಗೆ ಹತ್ತಿಸುವ ಉಪಾಯ ಮಾತ್ರವೆಂದು ಅವನ ಮತ. ಶಂಕರರ ಭಾಷ್ಯವೂ ಅದನ್ನು ಎತ್ತಿಹಿಡಿಯುತ್ತದೆ. ಸೃಷ್ಟಿಕಥೆ ಉಪಾಯವೆಂದಾದ ಮೇಲೆ ಒಂದಕ್ಕಿಂತ ಹೆಚ್ಚು ಕಥೆಗಳಿದ್ದರೆ ಬಾಧಕವಿಲ್ಲ. ಶಾರದೆ, ನರಸಿಂಹ, ಸೋಮೇಶ್ವರ ಇವರೆಲ್ಲರೂ ಒಂದೇ ಊರಿನಲ್ಲಿ ಪೂಜೆಗೊಳ್ಳುವುದಕ್ಕೆ ಬೇಕಾದ ತಾತ್ತ್ವಿಕ ಸಮರ್ಥನೆ ಇಲ್ಲಿ ದೊರೆಯುತ್ತದೆ. ಆದರೆ ಇದೂ ಒಂದು ಸ್ಥಾನಕಲ್ಪನೆಯೇ. ಎಲ್ಲ ಕಥೆಗಳನ್ನೂ ಕೆಳಗಿನ ಮೆಟ್ಟಿಲಲ್ಲಿ ಉಳಿಸಿಕೊಂಡು ಸಿದ್ಧಾಂತವು ಮೇಲಿನ ಮೆಟ್ಟಿಲಲ್ಲಿ ಕುಳಿತುಕೊಳ್ಳುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಮಾಧವನು ರಚಿಸಿದ ಸರ್ವದರ್ಶನಸಂಗ್ರಹವು ಚಾರ್ವಾಕದಿಂದ ಆರಂಭಿಸಿ ದರ್ಶನಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿರುವುದು ಈ ಮನೋಧರ್ಮದ ಒಳ್ಳೆಯ ಉದಾಹರಣೆ.

೫

ದೇವಲೋಕದ ಈ ಪಾಲುಗಾರಿಕೆಗೆ ಭೂಲೋಕದಲ್ಲಿ ಪ್ರತಿರೂಪವಿಲ್ಲದಿದ್ದರೆ ಇದೆಲ್ಲ ಪಂಡಿತರ ವಿನೋದವಾಗಿ ಉಳಿಯುತ್ತಿತ್ತು. ಶಾಸನಗಳು ಹಾಗೆ ಹೇಳುವುದಿಲ್ಲ. ಯಾವ ದೇವರು ಹಿರಿಯನೆಂಬ ಪ್ರಶ್ನೆಯ ಬೆನ್ನಿಗೆ ಯಾವ ಗುಡಿಗೆ ಭೂಮಿ, ಯಾವ ಮೆರವಣಿಗೆಗೆ ವಾದ್ಯ, ಯಾರಿಗೆ ಮೊದಲ ವೀಳ್ಯ ಎಂಬ ಪ್ರಶ್ನೆಗಳು ಬಂದುವು.

ಸುಮಾರು ೧೨೦೦ರ ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನು ಜೈನರೊಡನೆ ಪಂತ ಕಟ್ಟಿ, ತನ್ನ ತಲೆಯನ್ನು ಅರಿದೊಪ್ಪಿಸಿ ಮತ್ತೆ ಪಡೆದು, ಜಿನಬಿಂಬವನ್ನು ಒಡೆದ ಕಥೆಯನ್ನು ಹೇಳುತ್ತದೆ. ಪವಾಡದ ಅಂಶವನ್ನು ಬದಿಗಿಟ್ಟರೂ ಬಸದಿಯೊಂದು ಕೈಬದಲಾಯಿಸಿದ ಕಹಿನೆನಪು ಅದರಲ್ಲಿದೆ. ೧೩೪೬ರಲ್ಲಿ ಹರಿಹರನು ತನ್ನ ಸೋದರರೊಡನೆ ಶೃಂಗೇರಿಗೆ ಬಂದು, ದಿಗ್ವಿಜಯದ ಸಂತೋಷದಲ್ಲಿ ಭಾರತೀತೀರ್ಥರಿಗೆ ಗ್ರಾಮಗಳನ್ನು ದಾನಮಾಡಿದನು. ತುಂಗೆಯ ಕಣಿವೆಗೆ ಹೊಸ ರಾಜ್ಯದ ಒತ್ತಾಸೆ ದೊರೆತುದು ಹೀಗೆ.

ಆ ಹರಿಹರನ ತಮ್ಮನಾದ ಬುಕ್ಕರಾಯನ ಮುಂದೆ ೧೩೬೮ರಲ್ಲಿ ಜೈನರು ಶ್ರೀವೈಷ್ಣವರ ಮೇಲೆ ದೂರಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಶ್ರವಣಬೆಳಗೊಳದ ಶಾಸನದಲ್ಲಿ ಈ ಉದಾತ್ತವಾದ ಮಾತಿನ ಜತೆಗೇ ಸೇರಿರುವ ವಿವರಗಳನ್ನು ನಾವು ಬಿಡಬಾರದು. ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಸಲ್ಲತಕ್ಕವು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣದಂತೆ ತಿರುಮಲೆಯ ತಾತಯ್ಯನು ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ ೨೦ ಆಳುಗಳನ್ನಿಟ್ಟು, ಉಳಿದುದರಲ್ಲಿ ಜೀರ್ಣ ಜಿನಾಲಯಗಳನ್ನು ಸರಿಪಡಿಸತಕ್ಕದ್ದು. ಅಭೇದದ ತತ್ತ್ವವು ವಾದ್ಯ, ಕಲಶ, ಹಣ, ಕಾವಲು ಎಂಬ ಪಾಲುಗಳಾಗಿ ಇಳಿದುಬಂದಾಗಲೇ ಜನಕ್ಕೆ ರಕ್ಷಣೆ ದೊರೆಯಿತು.

೧೬೩೮ರ ಹಳೇಬೀಡಿನ ಶಾಸನ ಇನ್ನೂ ಬಿಚ್ಚುಮಾತಿನದು. ಹುಚ್ಚಪ್ಪದೇವನೆಂಬವನು ಅಲ್ಲಿಯ ಬಸದಿಯ ಕಂಬಗಳಿಗೆ ಲಿಂಗಮುದ್ರೆಯನ್ನು ಒತ್ತಿದನು, ಅದನ್ನು ಜೈನನೊಬ್ಬನು ಅಳಿಸಿದನು, ವ್ಯಾಜ್ಯವೆದ್ದಿತು. ವೀರಶೈವ ಮುಖಂಡರೇ ಸೇರಿ ತೀರ್ಮಾನಿಸಿದರು: ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ಜೈನರು ತಮ್ಮ ಪೂಜೆಯನ್ನು ಎಂದಿನಂತೆ ನಡೆಯಿಸತಕ್ಕದ್ದು. ಇದು ಭಾಗವತದ ಶೇಷಭಾಗದ ಕಥೆಯ ಮಾದರಿಯದೇ. ಒಂದು ಪಕ್ಷಕ್ಕೆ ಅಗ್ರಸ್ಥಾನ, ಇನ್ನೊಂದಕ್ಕೆ ಉಳಿವು. ಸಮಾನತೆಯೆಂದು ಇದನ್ನು ಕರೆಯಲಾಗದು, ನಾಶವೆಂದೂ ಕರೆಯಲಾಗದು.

ಹರಿಹರಮೂರ್ತಿಯ ಕಲ್ಪನೆಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಹರಿಹರಪುರವನ್ನು ದಾಟಿದ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಮುಂದೆ ಹರಿಹರವೆಂಬ ಇನ್ನೊಂದು ಊರನ್ನು ಮುಟ್ಟುತ್ತಾಳೆ. ಅಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾದರೆಂಬುದು ಅಲ್ಲಿಯ ಪುರಾಣ. ಮೂರ್ತಿಯ ಒಂದು ಪಾರ್ಶ್ವ ಹರ, ಇನ್ನೊಂದು ಹರಿ. ನಡುವಣ ಗೆರೆ ಅಳಿದಿಲ್ಲ. ಶಿಲ್ಪಿಯು ಅಭೇದವನ್ನು ಕೆತ್ತುವಾಗಲೂ ಸಮಪಾಲನ್ನು ಅಳೆದುಕೊಟ್ಟಿದ್ದಾನೆ.

೬

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸ್ಪರ್ಧಿಸುವ ಸೃಷ್ಟಿಕಥೆಗಳು ಮೂರು ಮಾರ್ಗಗಳನ್ನು ಹಿಡಿದಿವೆ: ಎದುರಾಳಿಯ ದೇವರನ್ನು ತಮ್ಮ ದೇವರ ಅಧೀನನನ್ನಾಗಿ ಮಾಡುವುದು, ಅವನ ಹೆಸರನ್ನೂ ಬಿರುದನ್ನೂ ತಮ್ಮವನಿಗೆ ಕೊಡುವುದು, ಸೃಷ್ಟಿಯ ಪ್ರಶ್ನೆಯನ್ನೇ ಕೆಳಗಿನ ಮೆಟ್ಟಿಲಿಗೆ ಇಳಿಸುವುದು. ಎರಡನೆಯದಾಗಿ, ಈ ಮೂರರಲ್ಲಿಯೂ ಎದುರಾಳಿ ಕಥೆಯೊಳಗೆ ಉಳಿಯುತ್ತಾನೆ. ಉಳಿದುದರಿಂದಲೇ ಮುಂದಿನ ತಲೆಮಾರಿನವರು ಅವನ ಪರವಾಗಿ ಮತ್ತೆ ವಾದಿಸಲು ಸಾಧ್ಯವಾಯಿತು. ಮೂರನೆಯದಾಗಿ, ನಮ್ಮ ನಾಡಿನ ಸಾಮರಸ್ಯ ತಾನಾಗಿ ಒದಗಿದುದಲ್ಲ. ದೂರು, ವ್ಯಾಜ್ಯ, ತೀರ್ಪು, ಒಪ್ಪಂದಗಳ ಮೂಲಕ ಅದನ್ನು ಮತ್ತೆ ಮತ್ತೆ ಕಟ್ಟಬೇಕಾಯಿತು. ಕಟ್ಟಿದವರ ಶ್ರಮವನ್ನು ಮರೆತು ಅದನ್ನು ಜನ್ಮಗುಣವೆಂದು ಹೊಗಳಿಕೊಳ್ಳುವುದು ಇತಿಹಾಸಕ್ಕೂ ಅಪಚಾರ, ಆ ಜನಕ್ಕೂ ಅಪಚಾರ.

ಸ್ಥಳಪುರಾಣಗಳನ್ನು ಅಕ್ಷರಶಃ ಇತಿಹಾಸವೆಂದು ಒಪ್ಪುವವರೂ ಅಡಗೂಲಜ್ಜಿಯ ಕಥೆಯೆಂದು ತಳ್ಳುವವರೂ ಒಂದೇ ಬಗೆಯ ನಷ್ಟಕ್ಕೆ ಗುರಿಯಾಗುತ್ತಾರೆ. ಆ ಕಥೆಗಳು ಏತಕ್ಕೆ ಸಾಕ್ಷಿಯೋ ಅದು ಇಬ್ಬರಿಗೂ ದೊರೆಯುವುದಿಲ್ಲ. ತುಂಗಾಭದ್ರೆಯರ ನಡುವಣ ಈ ಮೂರು ತಾಲ್ಲೂಕುಗಳ ಸ್ಥಳಪುರಾಣಗಳನ್ನೂ, ವೀರಗಾಸೆಯ ಒಡಪುಗಳನ್ನೂ, ಬಸದಿ ಮಠಗಳ ಉತ್ಸವಗಳಲ್ಲಿ ಯಾರಿಗೆ ಯಾವ ಮರ್ಯಾದೆ ಮೊದಲು ಸಲ್ಲುತ್ತದೆಂಬ ವಿವರಗಳನ್ನೂ ನಮ್ಮ ವಿದ್ಯಾರ್ಥಿಗಳು ಊರೂರಿಗೆ ಹೋಗಿ ಬರೆದುಕೊಂಡು, ಶಾಸನಗಳೊಡನೆ ಇಟ್ಟು ಹೋಲಿಸಬೇಕು. ಹಾಗೆ ಹೋಲಿಸುವಾಗ ಯಾವ ಕಥೆಯನ್ನು ಓದಿದರೂ, ಇದರಲ್ಲಿ ಪಾಲು ದೊರೆಯದೆ ಹೊರಗೆ ನಿಂತವನಾರು ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ದಕ್ಷನು ಆ ಪ್ರಶ್ನೆಯನ್ನು ಕೇಳಲಿಲ್ಲ; ಅವನ ಯಜ್ಞ ಕೆಟ್ಟುದು ಅದರಿಂದಲೇ.